ಮೀಟರಿನಲ್ಲಿ ಬಿಟ್ಟುಹೋದ ಕೀಲಿ

ಬೆರಿಲ್ ಆಸ್ಪಿನಾಲ್ ಅವರನ್ನು ನಾನು ಮೊದಲು ಕಂಡದ್ದು ಲಾರ್ಡ್ ಸ್ಟ್ರೀಟಿನ ಲಾಂಡ್ರಿಯಲ್ಲಿ, ನವೆಂಬರ್ ತಿಂಗಳ ಒಂದು ಗುರುವಾರ. ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ಕೆಟ್ಟಿತ್ತು. ಹಾಸಿಗೆಯ ಮೇಲುಹಾಸುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿದ್ದೆ. ಇಂಗ್ಲೆಂಡಿನ ಕಡಲತೀರದ ನಮ್ಮ ಫ್ಲೀಟ್‌ವುಡ್ಡಿನಲ್ಲಿ ಮಳೆ ಮೇಲಿನಿಂದ ಬೀಳುವುದು ಅಪರೂಪ. ಸಮುದ್ರದ ಗಾಳಿ ಅದನ್ನು ಅಡ್ಡಡ್ಡವಾಗಿ ತಂದು ಮುಖಕ್ಕೆ ಎರಚುತ್ತದೆ. ಅಂದೂ ಹಾಗೆಯೇ ಇತ್ತು. ಒಗೆದದ್ದನ್ನು ಒಣಗಿಸುವ ಯಂತ್ರಕ್ಕೆ ಹಾಕಿ, ಎದುರಿನ ಅಂಗಡಿಯಲ್ಲಿ ಪತ್ರಿಕೆ ಕೊಂಡು ಬರುವಷ್ಟರಲ್ಲಿ, ಆ ಯಂತ್ರದ ಮುಂದಿನ ಬೆಂಚಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದು ಕುಳಿತಿದ್ದರು. ಕಡುನೀಲಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಿದ್ದರು. ಬೆಂಕಿಯ ಮುಂದೆ ಕುಳಿತವರ ಹಾಗೆ ಎರಡೂ ಕೈಗಳನ್ನು ಗಾಜಿನ ಬಾಗಿಲಿಗೆ ಚಾಚಿದ್ದರು.

ತಮ್ಮ ಬಟ್ಟೆಯೆಂದು ತಪ್ಪು ತಿಳಿದಿರಬಹುದೆಂದುಕೊಂಡು, "ಅದರಲ್ಲಿರೋದು ನನ್ನ ಬಟ್ಟೆ ಅಂತ ಕಾಣುತ್ತೆ," ಎಂದೆ.

"ನಿಮ್ಮದೇ, ಗೊತ್ತು. ಯಾಕೆ, ನೋಡೋಕೆ ಟಿಕೆಟ್ ತಗೋಬೇಕಾ?"

"ಬೇಡ ಬೇಡ, ನೋಡಿ."

"ಟೀವಿಗಿಂತ ವಾಸಿ ಕಣ್ರೀ ಇದು. ಆ ಹಳದಿ ದಿಂಬಿನ ಚೀಲ ಆಗ್ಲಿಂದ ತಪ್ಪಿಸ್ಕೊಳ್ಳೋಕೆ ನೋಡ್ತಾ ಇದೆ, ಪಾಪ. ಬಾಗಿಲವರೆಗೂ ಬರುತ್ತೆ, ಮತ್ತೆ ಎಳ್ಕೊಂಡು ಹೋಗ್ತಾರೆ."

ಯಂತ್ರ ನಿಂತಿತು. ನಾನು ಮೇಲುಹಾಸನ್ನು ತೆಗೆದು, ಗಲ್ಲದ ಕೆಳಗೆ ಒಂದು ತುದಿ ಸಿಕ್ಕಿಸಿಕೊಂಡು ಮಡಚಲು ತೊಡಗಿದೆ. ಆಕೆ ಒಂದು ಕ್ಷಣ ನೋಡಿದರು. ಇನ್ನು ತಡೆಯಲಾರೆನೆಂಬಂತೆ ಎದ್ದುಬಂದರು.

"ಅಯ್ಯೋ, ಅದು ಮಡಚೋದಲ್ಲ, ಗಂಟು ಕಟ್ಟೋದು. ಆ ತುದಿ ಹಿಡ್ಕೊಳ್ಳಿ. ಎಳೀರಿ. ಗಟ್ಟಿಯಾಗಿ ಎಳೀರಿ, ನಾನೇನು ಬಿದ್ದುಹೋಗಲ್ಲ. ಈಗ ನನ್ನ ಹತ್ರ ಬನ್ನಿ."

ನಾನು ಹತ್ತಿರ ಹೋದೆ, ನನ್ನ ಕೈಯಿಂದ ತುದಿಗಳನ್ನು ತೆಗೆದುಕೊಂಡರು, ಹಿಂದೆ ಸರಿದೆ, ಮತ್ತೆ ಹೋದೆ. ಆಕೆಯೂ ಅಕ್ಕ ಎನಿಡ್ ಅವರೂ ಬ್ಲ್ಯಾಕ್‌ಪೂಲಿನ ಒಂದು ಹೋಟೆಲಿನ ಬಟ್ಟೆಮನೆಯಲ್ಲಿ ಆಯುಷ್ಯವೆಲ್ಲ ಹೀಗೆಯೇ ಎದುರುಬದುರು ನಿಂತು ಮಡಚಿದವರೆಂದು ಆಮೇಲೆ ತಿಳಿಯಿತು. ಕೊನೆಯ ಹಾಸು ಮಡಚಿಯಾದ ಮೇಲೆ ಆ ಬಿಸಿ ಬಟ್ಟೆಯನ್ನು ಆಕೆ ನನಗೆ ಕೂಡಲೇ ಕೊಡಲಿಲ್ಲ. ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ, "ತಗೊಳ್ಳಿ, ಆರಿಹೋಗುತ್ತೆ," ಎಂದು ಕೊಟ್ಟು ಹೊರಟುಹೋದರು.

ಆಕೆ ಮೂಲೆ ತಿರುಗಿದ ಮೇಲೆಯೇ ನನಗೆ ಹೊಳೆದದ್ದು: ಆಕೆ ಒಗೆಯಲು ಏನನ್ನೂ ತಂದಿರಲಿಲ್ಲ.

ನಮ್ಮ ಮನೆಯ ಯಂತ್ರ ಮರುವಾರವೇ ಸರಿಹೋಯಿತು. ಆದರೂ ಗುರುವಾರಗಳಂದು ನಾನು ಮೇಲುಹಾಸುಗಳನ್ನು ಲಾಂಡ್ರಿಗೇ ಒಯ್ಯತೊಡಗಿದೆ. ಬೆರಿಲ್ ಅವರ ಬದುಕು ನನಗೆ ಆ ಬೆಂಚಿನ ಮೇಲೆ, ತುಣುಕು ತುಣುಕಾಗಿ ತಿಳಿಯಿತು.

ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ತಂದೆತಾಯಿ ಬಾಡಿಗೆಗಿದ್ದ ಮನೆಯಲ್ಲೇ ಉಳಿದರು. ಶುಕ್ರವಾರ ಸಂಬಳ ಬಂದಾಗ ಬೆರಿಲ್ ಲಕೋಟೆಯನ್ನು ಒಡೆಯದೆ ಅಕ್ಕನ ಕೈಗೆ ಕೊಡುವುದು ವಾಡಿಕೆ. ಬಾಡಿಗೆ, ಕಲ್ಲಿದ್ದಲು, ದೀಪದ ಹಣ, ಎಲ್ಲವೂ ಎನಿಡ್ ಅವರದು. ಅಡಿಗೆ, ಹಾಡು, ಹರಟೆ ಬೆರಿಲ್ ಅವರದು. "ನನಗೆ ಬುದ್ಧಿ ಕೊಡೋದು ಬೇಡ ಅಂತ ದೇವರು ಅಕ್ಕನ ಹತ್ರಾನೇ ಎರಡು ಪಾಲು ಕೊಟ್ಟುಬಿಟ್ಟ," ಎಂದು ಆಕೆ ನಗುತ್ತಿದ್ದರು. ಮುಪ್ಪಿನಲ್ಲಿ ಎನಿಡ್ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ನೆನಪು ಅಲ್ಲಲ್ಲಿ ಹರಿದುಹೋಯಿತು. ಅದೇ ವರ್ಷ ಮನೆಯ ಒಡೆಯ ತೀರಿಕೊಂಡು, ಅವನ ಮಗ ಮನೆಯನ್ನು ಮಾರಿದ. ಎನಿಡ್ ಪಕ್ಕದ ಊರಾದ ಕ್ಲೀವ್ಲಿಸ್ಸಿನ ವೃದ್ಧರ ಆರೈಕೆ ಮನೆಗೆ ಹೋದರು. ಬೆರಿಲ್, ಮುಚ್ಚಿಹೋದ ಕ್ಷೌರದ ಅಂಗಡಿಯೊಂದರ ಮೇಲಿನ ಒಂದು ಕೋಣೆಯ ಮನೆಗೆ ಬಂದರು.

ಆ ಮನೆಯಲ್ಲಿ ದೀಪ, ಓವನ್, ಬಿಸಿನೀರು, ಕೋಣೆ ಬೆಚ್ಚಗಿಡುವ ಹೀಟರ್, ಎಲ್ಲವೂ ವಿದ್ಯುತ್ತಿನವು. ಮೀಟರು ಮುಂಗಡ ಹಣದ್ದು. ಪ್ಲಾಸ್ಟಿಕ್ಕಿನ ಒಂದು ಕೀಲಿಯನ್ನು ಅಂಗಡಿಗೆ ಒಯ್ದು, ಹಣ ತುಂಬಿಸಿ, ತಂದು ಮೀಟರಿಗೆ ಸಿಕ್ಕಿಸಬೇಕು. ಹಣ ಮುಗಿದರೆ ಮನೆ ಕತ್ತಲು. ಸೆಪ್ಟೆಂಬರಿನಲ್ಲಿ ಆಕೆ ಬಂದ ದಿನ ಬಾಗಿಲ ಪಕ್ಕದ ಗೂಡನ್ನು ತೆರೆದು ನೋಡಿದರೆ, ಹಿಂದಿನ ಬಾಡಿಗೆದಾರನ ಕೀಲಿ ಮೀಟರಿನಲ್ಲೇ ಇತ್ತು. ಅದರಲ್ಲಿ ಒಂದೆರಡು ಪೌಂಡು ಉಳಿದೂ ಇತ್ತು.

"ನಮ್ಮಮ್ಮ ಮನೆ ಬಿಡುವಾಗ ಮೀಟರ್ ಮೇಲೆ ಒಂದು ಶಿಲ್ಲಿಂಗ್ ಇಟ್ಟೇ ಬರ್ತಿದ್ಳು," ಎಂದು ಬೆರಿಲ್ ನನಗೆ ಹೇಳಿದ್ದರು. "ಆಗೆಲ್ಲ ನಾಣ್ಯ ಹಾಕೋ ಮೀಟರಲ್ವಾ? ಬರೋರು ಕತ್ತಲಲ್ಲಿ ಚಿಲ್ಲರೆ ತಡಕಬಾರದು ಅಂತ. ಶಿಲ್ಲಿಂಗು, ಒಂದು ಪೊಟ್ಟಣ ಚಹಾಪುಡಿ. ನಮ್ಮ ಬೀದೀಲಿ ಎಲ್ಲರೂ ಹಾಗೇ. ಅವನ ಕೀ ನೋಡಿದ ತಕ್ಷಣ ನನಗೆ ಅಮ್ಮನ ನೆನಪಾಯ್ತು ನೋಡಿ. ಖಾಲಿ ಮನೇಲಿ ನಿಂತ್ಕೊಂಡು ಜೋರಾಗಿ 'ಥ್ಯಾಂಕ್ಸ್ ಕಣಪ್ಪಾ' ಅಂದೆ."

ಆ ಅಪರಿಚಿತನ ಮೇಲಿನ ಮೆಚ್ಚುಗೆಯಿಂದ ಅವನು ಓವನ್ನಿನಲ್ಲಿ ಬಿಟ್ಟುಹೋಗಿದ್ದ ಜಿಡ್ಡನ್ನೂ ಬೇಸರವಿಲ್ಲದೆ ಉಜ್ಜಿದರಂತೆ. ಅದೇ ಕೀಲಿಗೆ ತಮ್ಮ ಹಣ ತುಂಬಿಸಿ ಸಂಸಾರ ಹೂಡಿದರು.

ಆಕೆಯ ವಾರವೆಲ್ಲ ಭಾನುವಾರಕ್ಕಾಗಿ ಇತ್ತು. ಭಾನುವಾರ ಟ್ಯಾಕ್ಸಿಯಲ್ಲಿ ಅಕ್ಕನನ್ನು ಕರೆತರುವುದು, ಕುರಿಮಾಂಸವನ್ನೂ ಆಲೂಗೆಡ್ಡೆಯನ್ನೂ ಓವನ್ನಿನಲ್ಲಿ ಬೇಯಿಸಿ, ಗ್ರೇವಿ ಮಾಡಿ, ಇಬ್ಬರೂ ಹಳೆಯ ಮೇಜಿನ ಮುಂದೆ ಕುಳಿತು ಉಣ್ಣುವುದು. ಅಕ್ಟೋಬರಿನ ಒಂದು ಭಾನುವಾರ ಮಾಂಸ ಅರ್ಧ ಬೆಂದಿದ್ದಾಗ ಹಣ ಮುಗಿದು ಎಲ್ಲವೂ ನಿಂತಿತು. ಕೈಯಲ್ಲಿ ಹಣವೂ ಇರಲಿಲ್ಲ. ಅಕ್ಕ ಶಾಲು ಸುತ್ತಿಕೊಂಡು, ಹಸಿಬಿಸಿ ಮಾಂಸವನ್ನು ಮುಳ್ಳುಚಮಚದಲ್ಲಿ ತಿರುವುತ್ತಾ ಕುಳಿತಿದ್ದರಂತೆ. ವಾರದೊಳಗೆ ಅವರಿಗೆ ಎದೆಯಲ್ಲಿ ಕಫ ಕಟ್ಟಿತು. ಆರೈಕೆ ಮನೆಯ ಮೇಲ್ವಿಚಾರಕಿ ಮಿಸೆಸ್ ಪಿಲ್ಲಿಂಗ್ ಬೆರಿಲ್ ಅವರನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳೀಬೇಡಿ ಬೆರಿಲ್. ಮನೆ ಬೆಚ್ಚಗಾಗೋವರೆಗೂ ಅವರನ್ನ ಕಳಿಸೋಕಾಗಲ್ಲ," ಎಂದರು.

ಹಣವಿಲ್ಲವೆಂದು ಅಕ್ಕನಿಗೆ ಹೇಳುವುದು ಹೇಗೆ? ಬೆರಿಲ್ ಒಂದು ಸುಳ್ಳು ಹೇಳಿದರು: "ಓವನ್ ಕೆಟ್ಟಿದೆ ಅಕ್ಕ. ರಿಪೇರಿ ಆದ್ಮೇಲೆ ಕರ್ಕೊಂಡು ಹೋಗ್ತೀನಿ."

ಆಮೇಲೆ ಆಕೆ ಮನೆಯನ್ನು ಬೆಚ್ಚಗಿಡಲು ಹಣ ಉಳಿಸತೊಡಗಿದರು. ಹೀಟರ್ ಹಚ್ಚುವುದನ್ನು ಬಿಟ್ಟರು. ಹಗಲೆಲ್ಲ ಲಾಂಡ್ರಿ, ಗ್ರಂಥಾಲಯ. ವಯಸ್ಸಾದವರ ಪಾಸಿನಲ್ಲಿ ಟ್ರ್ಯಾಮ್ ಹತ್ತಿ ಈ ತುದಿಯಿಂದ ಆ ತುದಿಗೆ. ಸಂಜೆ ಒಂದೇ ದೀಪ. ಹಾಲಿನ ಸೀಸೆಯನ್ನು ಕಿಟಕಿಯ ಹೊರಗಿಟ್ಟು ಫ್ರಿಜ್ಜನ್ನೂ ಆರಿಸಿದರು. ಆದರೂ ಮೀಟರಿನ ಹಣ ಕರಗುತ್ತಲೇ ಇತ್ತು.

ಇದನ್ನೆಲ್ಲ ಆಗ ನನಗೆ ಹೇಳಿರಲಿಲ್ಲ. ಆಗ ಹೇಳುತ್ತಿದ್ದುದು ಹಾಡು, ಹೋಟೆಲು, ಅಮ್ಮನ ಶಿಲ್ಲಿಂಗು. ಬಾಕಿಯದನ್ನು ಯಾರಿಗೂ ಹೇಳದಿರಲು ಆಕೆಗೆ ಒಂದು ಕಾರಣವಿತ್ತು. ಅಕ್ಕನಿಲ್ಲದೆ ತಮಗೆ ಮನೆ ನಡೆಸಲು ಬರುವುದಿಲ್ಲ ಎಂದು ಆಕೆ ನಂಬಿಬಿಟ್ಟಿದ್ದರು. ಅದು ಹೊರಗೆ ಗೊತ್ತಾದರೆ ತಮ್ಮನ್ನೂ ಯಾವುದಾದರೂ ಆರೈಕೆ ಮನೆಗೆ ಹಾಕುತ್ತಾರೆ, ಅದು ಅಕ್ಕನಿರುವ ಮನೆಯೇ ಆಗಿರುತ್ತದೆಂದು ಹೇಳುವಂತಿಲ್ಲ ಎಂಬ ಹೆದರಿಕೆ.

ಫೆಬ್ರವರಿಯಲ್ಲಿ ಗುಟ್ಟು ಒಡೆಯಿತು, ಅದೂ ಇಸ್ಮಾಯಿಲನ ಅಂಗಡಿಯಲ್ಲಿ. ಇಸ್ಮಾಯಿಲ್ ನಾನು ಪಾಠ ಹೇಳುತ್ತಿದ್ದ ಶಾಲೆಯ ಹುಡುಗ. ಈಗ ಅವನಿಗೇ ತಲೆ ನೆರೆತಿದೆ. ಅವನು ಅಂಗಡಿಯಲ್ಲಿ ಹೊಸದಾಗಿ ಕೀಲಿಗೆ ಹಣ ತುಂಬಿಸುವ ಯಂತ್ರ ಇಟ್ಟಿದ್ದ. ಬೆರಿಲ್ ಅದುವರೆಗೆ ಹೋಗುತ್ತಿದ್ದ ಅಂಗಡಿ ಮುಚ್ಚಿದ್ದರಿಂದ ಅಂದು ಇಲ್ಲಿಗೆ ಬಂದಿದ್ದರು. ನಾನು ಬ್ರೆಡ್ಡಿಗಾಗಿ ಅವರ ಹಿಂದೆ ನಿಂತಿದ್ದೆ.

ಇಸ್ಮಾಯಿಲ್ ಕೀಲಿಯನ್ನು ತೆಗೆದುಕೊಂಡು, ತಿರುಗಿಸಿ ನೋಡಿದ. ಅದರ ಹಿಡಿಗೆ ಕಿತ್ತಳೆ ಬಣ್ಣದ ಟೇಪು ಸುತ್ತಿತ್ತು.

"ಆಂಟೀ, ನೀವು ಗ್ಯಾರಿ ಟ್ಯಾಟರ್ಸಾಲ್‌ಗೆ ಏನಾಗ್ಬೇಕು?"

"ಅದ್ಯಾರಪ್ಪ ಅವನು?"

"ಇದು ಅವನ ಕೀ. ಈ ಟೇಪ್ ನಾನೇ ಸುತ್ತಿಕೊಟ್ಟಿದ್ದು, ಹಿಡಿ ಒಡೆದುಹೋಗಿತ್ತು. ಸಿಗರೇಟಿಗೆ ಅಂತ ಬಂದವನು ಇದನ್ನ ಇಲ್ಲೇ ಮರೆತುಹೋಗ್ತಿದ್ದ. ಕ್ಷೌರದಂಗಡಿ ಮೇಲಿದ್ನಲ್ಲ?"

"ಓ, ಅವನಾ!" ಬೆರಿಲ್ ಅವರ ಮುಖ ಅರಳಿತು. "ಒಳ್ಳೇ ಹುಡುಗ ಅಲ್ವಾ? ನನಗೋಸ್ಕರ ಕೀ ಬಿಟ್ಟುಹೋಗಿದಾನೆ. ದುಡ್ಡು ಸಮೇತ."

ಇಸ್ಮಾಯಿಲ್ ನನ್ನ ಕಡೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ನೀವು ಮನೆಗೆ ಬಂದಾಗ ಕರೆಂಟ್ ಕಂಪನಿಗೆ ಫೋನ್ ಮಾಡಿ ಹೇಳಿದ್ರಾ, ನಾನು ಹೊಸಬಳು, ಹೊಸ ಕೀ ಕೊಡಿ ಅಂತ?"

"ಯಾಕೆ ಹೇಳ್ಬೇಕು? ಕೀ ಇತ್ತಲ್ಲ."

"ಅಯ್ಯೋ ಆಂಟೀ! ಅವನು ಬಿಟ್ಟುಹೋಗಿರೋದು ಸಾಲ ಆಂಟೀ, ಸಾಲ. ಹಿಂದಿನ ಬಾಕಿನೆಲ್ಲ ಅವನ ಮೀಟರಿಗೇ ಹಾಕಿದ್ರು. ತುಂಬಿಸೋ ದುಡ್ಡಲ್ಲಿ ವಾರ ವಾರ ಅದೇ ಹಿಡ್ಕೊಳ್ಳುತ್ತೆ. ನೀವು ದೀಪ ಹಚ್ಚಿದ್ರೂ ಬಿಟ್ರೂ ಅದು ಹಿಡ್ಕೊಳ್ಳುತ್ತೆ. ಇಲ್ಲಿ ನಿಂತ್ಕೊಂಡು ಅವನು ಅದಕ್ಕೆ ದಿನಾ ಶಾಪ ಹಾಕ್ತಿದ್ದ. ನನಗೂ ಟೋಪಿ ಹಾಕಿಯೇ ಹೋದ ಅನ್ನಿ."

ಬೆರಿಲ್ ಕೌಂಟರನ್ನು ಹಿಡಿದುಕೊಂಡರು. "ಇಲ್ಲಪ್ಪ. ಮೀಟರಲ್ಲೇ ಬಿಟ್ಟಿದ್ದ," ಎಂದರು. ಅಷ್ಟು ಹೇಳಿದರೆ ಎಲ್ಲವೂ ಸರಿಹೋಗುವುದೇನೋ ಎಂಬಂತೆ ಇನ್ನೊಮ್ಮೆ, "ಮೀಟರಲ್ಲೇ ಬಿಟ್ಟಿದ್ದ," ಎಂದರು.

ನಾನು ಅವರನ್ನು ಹಾಲಿನ ಕ್ರೇಟಿನ ಮೇಲೆ ಕೂರಿಸಿದೆ. ಇಸ್ಮಾಯಿಲ್ ತನ್ನ ಫೋನಿನಿಂದ ಕಂಪನಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಕೌಂಟರಿನ ಮೇಲಿಟ್ಟ. ಸಂಗೀತ ಶುರುವಾಯಿತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಸಿಗರೇಟು ಕೊಳ್ಳಲು ಬಂದ ಒಬ್ಬ ಮೀನುಗಾರ, "ಯಾರದಪ್ಪ ಮದುವೆ?" ಎಂದು ಕೇಳಿ ಹೋದ. ಕೊನೆಗೆ ಒಬ್ಬ ಹುಡುಗಿಯ ದನಿ ಬಂತು.

"ನಾನು ಮಿಸ್ಟರ್ ಟ್ಯಾಟರ್ಸಾಲ್ ಅವರ ಜೊತೆ ಮಾತಾಡ್ತಾ ಇದೀನಾ?"

"ನನ್ನ ದನಿ ಕೇಳಿದ್ರೆ ಹಾಗನ್ಸುತ್ತಾ ಮಗಳೇ?" ಎಂದರು ಬೆರಿಲ್.

ವಿಷಯವನ್ನು ಇಸ್ಮಾಯಿಲ್ ಹೇಳಿದ. ಆ ಹುಡುಗಿ ಒಳ್ಳೆಯವಳು. ಬಾಡಿಗೆ ಕರಾರಿನ ಪ್ರತಿ ಕಳಿಸಿದರೆ ಸಾಕು, ಮನೆಗೆ ಬಂದ ದಿನ ಅದರಲ್ಲಿ ಇರುತ್ತದೆ. ಆ ಸಾಲವನ್ನು ತೆಗೆದುಹಾಕುತ್ತೇವೆ, ಅಲ್ಲಿಂದೀಚೆಗೆ ಹಿಡಿದ ಹಣವನ್ನೂ ಹಿಂದಿರುಗಿಸುತ್ತೇವೆ, ಹೊಸ ಕೀಲಿ ಕಳಿಸುತ್ತೇವೆ ಎಂದಳು.

ಬೆರಿಲ್ ಫೋನಿಗೆ ತೀರ ಹತ್ತಿರ ಬಾಗಿ ಕೇಳಿದರು: "ಹಾಗಾದ್ರೆ ನಾನು ಜಾಸ್ತಿ ಉರಿಸಿಲ್ವಾ?"

"ಇಲ್ಲಮ್ಮ, ಜಾಸ್ತಿ ಎಲ್ಲಿ ಬಂತು? ನೀವು ಬಳಸಿರೋದು ನೋಡಿ ನಾನು ಅದು ಖಾಲಿ ಮನೆ ಅಂದ್ಕೊಂಡೆ. ಯಾರೂ ವಾಸ ಇರೋ ಹಾಗೆ ಇಲ್ಲಿ ಕಾಣೋದೇ ಇಲ್ಲ."

ಇಸ್ಮಾಯಿಲ್ ಸುಮ್ಮನೆ ಚಾಕೊಲೇಟುಗಳ ಸಾಲನ್ನು ಸರಿಮಾಡತೊಡಗಿದ. ಬೆರಿಲ್ ಮಾತ್ರ ತಲೆಯಾಡಿಸುತ್ತಾ, "ಸರಿ ಮಗಳೇ, ಸರಿ. ತುಂಬಾ ಉಪಕಾರ ಆಯ್ತು," ಎಂದರು.

ಮನೆಯವರೆಗೆ ಜೊತೆಗೆ ನಡೆದೆ. ಇದುವರೆಗೆ ನಾನು ಬರೆದ ಅಕ್ಟೋಬರಿನ ಊಟ, ಓವನ್ನಿನ ಸುಳ್ಳು, ಫ್ರಿಜ್ಜು, ಹೆದರಿಕೆ, ಎಲ್ಲವನ್ನೂ ಆಕೆ ಹೇಳಿದ್ದು ಆ ದಾರಿಯಲ್ಲಿ.

ಮಾರ್ಚಿನಲ್ಲಿ ಹೊಸ ಕೀಲಿ ಬಂತು, ಹಿಡಿದ ಹಣವೂ ಬಂತು. ಬೆರಿಲ್ ಮೊದಲು ಮಾಡಿದ ಕೆಲಸವೆಂದರೆ ಹೀಟರ್ ಹಚ್ಚಿ, ಕೋಟು ಬಿಚ್ಚಿ, ಕೋಣೆಯ ನಡುವೆ ಬರಿಯ ಬ್ಲೌಸಿನಲ್ಲಿ ಕುಳಿತದ್ದು. ಎರಡನೆಯದು, ಮಿಸೆಸ್ ಪಿಲ್ಲಿಂಗ್ ಅವರಿಗೆ ಫೋನ್ ಮಾಡಿದ್ದು. ಭಾನುವಾರ ಮೆಟ್ಟಿಲು ಹತ್ತಿಸಲು ಒಂದು ಕೈ ಬೇಕೆಂದು ನನ್ನನ್ನೂ ಕರೆದರು. ಹೊರಡುವ ಮೊದಲು ಆಕೆ ಓವನ್ ಹಚ್ಚಿ, ಕಡಿಮೆ ಬಿಸಿಯಲ್ಲಿ ಮಾಂಸವನ್ನು ಒಳಗಿಟ್ಟರು. ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ, ಎರಡು ತಟ್ಟೆ. ಆಮೇಲೆ ನನ್ನನ್ನು ನೋಡಿ ಮೂರನೆಯದನ್ನೂ ಇಟ್ಟರು.

ಎನಿಡ್ ಕಿಟಕಿಯ ಬಳಿ ಕುಳಿತಿದ್ದರು. ತಂಗಿಗಿಂತ ಎತ್ತರದ, ನೇರ ಬೆನ್ನಿನ ಹೆಂಗಸು.

"ಅಕ್ಕ, ಏಳು. ಕೋಟು ಹಾಕ್ಕೋ. ಮನೆಗೆ ಹೋಗೋಣ, ಊಟಕ್ಕೆ."

"ಯಾವ ಊಟ? ನಿನ್ನ ಓವನ್ ಕೆಟ್ಟಿದೆಯಲ್ಲೇ."

"ಸರಿಯಾಯ್ತು ಅಕ್ಕ. ಈಗ್ಲೇ ಒಳಗೆ ಬೇಯ್ತಾ ಇದೆ."

"ನನಗೆ ಸುಳ್ಳು ಹೇಳ್ಬೇಡ. ಕೆಟ್ಟಿದೆ." ಎನಿಡ್ ನನ್ನ ಕಡೆ ತಿರುಗಿ, ದೂರು ಹೇಳುವವರಂತೆ, "ಇವಳಿಗೆ ಯಾವುದೂ ತಿಳಿಯಲ್ಲ ನೋಡಿ. ಓವನ್ ಕೆಟ್ಟು ಎಷ್ಟು ಕಾಲ ಆಯ್ತು! ಹಸಿ ಮಾಂಸ ತಿನ್ನಿಸ್ತಾಳೆ," ಎಂದರು.

ನಾನೂ ಹೇಳಿದೆ, ಮಿಸೆಸ್ ಪಿಲ್ಲಿಂಗ್ ಅವರೂ ಹೇಳಿದರು. ಲಕ್ವ ಹೊಡೆದ ಮೇಲೆ ಎನಿಡ್ ಬೆಳಗಿನ ತಿಂಡಿಯನ್ನು ಮಧ್ಯಾಹ್ನಕ್ಕೆ ಮರೆಯುತ್ತಿದ್ದರು. ನಮ್ಮ ಹೆಸರುಗಳನ್ನು ಅಲ್ಲೇ ಎರಡು ಸಲ ಕೇಳಿದರು. ಆದರೆ ಚಳಿಗಾಲವೆಲ್ಲ ಪ್ರತಿ ಭೇಟಿಯಲ್ಲೂ ತಂಗಿ ಹೇಳಿದ ಆ ಒಂದು ಮಾತು ಮಾತ್ರ ಅವರಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ಕೋಟನ್ನು ತೋಳಿಗೆ ಹಾಕಹೋದಾಗ ಅಳಲು ತೊಡಗಿದರು. ಬೆರಿಲ್ ಕೋಟನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ, ಅದರ ತೋಳುಗಳನ್ನು ಸರಿಮಾಡಿದರು.

"ಹೌದಕ್ಕ, ಕೆಟ್ಟಿದೆ. ನಾನೇ ಮರೆತಿದ್ದೆ," ಎಂದರು.

ಹಿಂದಿರುಗಿ ಬಂದಾಗ ಮೆಟ್ಟಿಲಲ್ಲೇ ಮಾಂಸದ ಘಮ ಇತ್ತು. ಮೂರು ತಟ್ಟೆಗಳಲ್ಲಿ ಒಂದನ್ನು ಒಳಗಿಟ್ಟು, ಆಕೆ ನನಗೆ ಬಡಿಸಿದರು. ತುಂಬ ಚೆನ್ನಾಗಿತ್ತು, ಹಾಗೆಂದು ಹೇಳಿದೆ. "ಓವನ್ ಒಳ್ಳೇದು ಕಣ್ರೀ," ಎಂದರು. "ಏನೂ ಆಗಿಲ್ಲ ಅದಕ್ಕೆ."

ಅಕ್ಕನ ಮನಸ್ಸು ಬದಲಾದೀತೆಂದು ಇನ್ನೂ ಕೆಲವು ಭಾನುವಾರ ನೋಡಿದರು. ಆಗಲಿಲ್ಲ. ಆಮೇಲೆ ಬೆರಿಲ್ ಬೇರೊಂದು ದಾರಿ ಹಿಡಿದರು. ಮನೆಯಲ್ಲಿ ಅಡಿಗೆ ಮಾಡಿ, ಮುಚ್ಚಳದ ಪಾತ್ರೆಯನ್ನು ಎರಡು ಟವೆಲುಗಳಲ್ಲಿ ಸುತ್ತಿ, ಟ್ರ್ಯಾಮಿನಲ್ಲಿ ಕ್ಲೀವ್ಲಿಸ್ಸಿಗೆ ಒಯ್ದರು.

"ಇದನ್ನೆಲ್ಲಿ ಬೇಯಿಸಿದೆ?" ಎಂದು ಎನಿಡ್ ಮೊದಲ ದಿನವೇ ಕೇಳಿದರಂತೆ.

"ಪಕ್ಕದ ಮನೆ ಮಿಸೆಸ್ ಹಾಲ್‌ಸಾಲ್ ಓವನ್‌ನಲ್ಲಿ."

ಪಕ್ಕದಲ್ಲಿ ಮನೆಯೇ ಇಲ್ಲ. ಬೀಗ ಹಾಕಿದ ಗೋದಾಮಿದೆ. ಎನಿಡ್ ಮಾತ್ರ ಒಪ್ಪಿ, ತಟ್ಟೆ ಖಾಲಿ ಮಾಡಿ, "ಪರರಿಗೆ ಹೊರೆಯಾಗ್ಬಾರ್ದು ಬೆರಿಲ್. ಅವರಿಗೆ ಕೊಡು," ಎಂದು ತಮ್ಮ ಪಾಲಿನ ಮಿಠಾಯಿಯಲ್ಲಿ ಎರಡನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಈಗ ಪ್ರತಿ ಭಾನುವಾರವೂ ಕೊಡುತ್ತಾರೆ. ಬೆರಿಲ್ ಅವನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮೀಟರಿನ ಮೇಲಿಟ್ಟಿದ್ದಾರೆ. ಡಬ್ಬಿ ಹೆಚ್ಚುಕಡಿಮೆ ತುಂಬಿದೆ. ತಿನ್ನಬಾರದೇಕೆ ಎಂದು ಒಮ್ಮೆ ಕೇಳಿದೆ.

"ಅಕ್ಕ ನನಗೆ ಕೊಟ್ಟಿದ್ದಲ್ವಲ್ಲ," ಎಂದರು.

ಡಬ್ಬಿಯ ಪಕ್ಕದಲ್ಲಿ ಒಂದು ಪೌಂಡಿನ ನಾಣ್ಯವನ್ನೂ ಇಟ್ಟಿದ್ದಾರೆ. ತಾವು ಮನೆ ಬಿಟ್ಟ ದಿನ ಮುಂದೆ ಬರುವವರಿಗೆ. "ಕೀಯನ್ನೂ ಬಿಡ್ತೀರಾ?" ಎಂದು ಇಸ್ಮಾಯಿಲ್ ಆಕೆಯನ್ನು ಕಾಡಿಸುತ್ತಾನೆ. "ಬಿಡ್ತೀನಿ, ನಿನ್ನ ತಲೆ ಮೇಲೆ," ಎನ್ನುತ್ತಾರೆ.

ಗುರುವಾರ ಲಾಂಡ್ರಿಗೆ ಈಗಲೂ ಬರುತ್ತಾರೆ. ಮನೆ ಬೆಚ್ಚಗಿದೆ, ಆದರೆ ಮನೆಯಲ್ಲಿ ಮೇಲುಹಾಸಿನ ಇನ್ನೊಂದು ತುದಿ ಹಿಡಿಯುವವರಿಲ್ಲ. ಈ ಭಾನುವಾರವೂ ಅವರನ್ನು ಟ್ರ್ಯಾಮಿನ ನಿಲುಗಡೆಯಲ್ಲಿ ಕಂಡೆ. ಗಾಳಿ ಮಳೆಯನ್ನು ಅಡ್ಡಡ್ಡವಾಗಿ ತರುತ್ತಿತ್ತು. ಕಡುನೀಲಿ ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ಟವೆಲು ಸುತ್ತಿದ ಪಾತ್ರೆಯನ್ನು ಅದರೊಳಗೆ ಅಪ್ಪಿಕೊಂಡು, ಗಾಳಿಗೆ ಬೆನ್ನುಕೊಟ್ಟು ನಿಂತಿದ್ದರು. "ನೆನೀತಾ ಇದೀರಲ್ಲ," ಎಂದೆ. "ನಾನು ಒಣಗ್ತೀನಿ ಬಿಡಿ, ಇದು ಆರಿದ್ರೆ ಅಕ್ಕ ಮಿಸೆಸ್ ಹಾಲ್‌ಸಾಲ್‌ನ ಬೈತಾಳೆ," ಎಂದರು. ಟ್ರ್ಯಾಮ್ ಬಂತು, ಹತ್ತಿದರು.